ನೆತ್ತಿಯಲ್ಲಿ ನಕ್ಷತ್ರ, ಬುಡದಲ್ಲಿ ಹೆಣ

ವೀರಗಲ್ಲನ್ನು ಕಾಣದ ಕನ್ನಡಿಗರು ಕಡಿಮೆ. ಊರ ಗುಡಿಯ ಪಕ್ಕದಲ್ಲೋ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ಅರ್ಧ ಹೂತುಹೋದ ಕಲ್ಲು. ಕೆಳಗೆ ಕತ್ತಿ ಹಿಡಿದು ಕಾದಾಡುವವರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತವನು, ಅದಕ್ಕೂ ಮೇಲೆ ಒಂದು ದುಂಡು, ಒಂದು ಕೊಕ್ಕೆ. ದುಂಡು ಸೂರ್ಯ, ಕೊಕ್ಕೆ ಚಂದ್ರ ಎಂದು ಮಕ್ಕಳೂ ಹೇಳುತ್ತಾರೆ. ಆದರೆ ಕಾಳಗದ ಚಿತ್ರದ ಮೇಲೆ ಅವರಿಬ್ಬರೂ ಒಟ್ಟಿಗೆ ಯಾಕೆ ಬಂದರು? ಯುದ್ಧ ನಡೆದದ್ದು ಹಗಲೋ ಇರುಳೋ?

ಇದೇ ಪ್ರಶ್ನೆಯನ್ನು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಒಂದು ಕಲ್ಲಿಗೂ ಕೇಳಬಹುದು. ಅದು 4,200 ವರ್ಷಗಳಿಗೂ ಹಿಂದಿನದು, ಇಂದಿನ ಇರಾಕಿನಲ್ಲಿ, ಅಂದರೆ ಹಳೆಯ ಮೆಸೊಪೊಟೇಮಿಯದಲ್ಲಿ, ಆಳಿದ ಅಕ್ಕಾದದ ದೊರೆ ನರಾಮ್-ಸಿನ್ ತನ್ನ ಗೆಲುವಿನ ನೆನಪಿಗೆ ಕೆತ್ತಿಸಿದ್ದು. ಅಲ್ಲೂ ಬುಡದಲ್ಲಿ ಹೆಣಗಳಿವೆ, ನೆತ್ತಿಯಲ್ಲಿ ಆಕಾಶದ ಜ್ಯೋತಿಗಳಿವೆ. ಕನ್ನಡಿಗರ ಕಣ್ಣಿಗೆ ಅದು ತಟ್ಟನೆ ಪರಿಚಿತವೆನಿಸುತ್ತದೆ. ಆ ಪರಿಚಯವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎನ್ನುವುದೇ ಈ ಅಧ್ಯಾಯದ ವಿಷಯ.

ಉತ್ತರ ಹುಡುಕಲು ಮುಂಬಯಿಯ ಸಾಂತಾಕ್ರೂಜ್ ಒಳ್ಳೆಯ ಜಾಗ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಬಿಲ್ಲವ ಭವನ, ಪೇಜಾವರ ಮಠ ಎಲ್ಲವೂ ಈ ಬಡಾವಣೆಯ ಪೂರ್ವ ಭಾಗದಲ್ಲಿವೆ. ಇಲ್ಲಿಂದ ವಿರಾರ್ ಕಡೆಯ ಲೋಕಲ್ ಹಿಡಿದು ಬೊರಿವಲಿಯಲ್ಲಿ ಇಳಿದರೆ ಎಕ್ಸರ್‌ನ ವೀರಗಲ್ಲುಗಳು ಹತ್ತಿರ. ಚರ್ಚ್‌ಗೇಟ್ ಕಡೆಗೆ ಹೊರಟರೆ ಕಾಲಾಘೋಡಾದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಮೆಸೊಪೊಟೇಮಿಯದ ನಿಮ್ರುದ್‌ನಲ್ಲಿದ್ದ ಅಸ್ಸೀರಿಯದ ಅರಮನೆಯ ಕೆತ್ತನೆಗಳು ಅಲ್ಲಿವೆ. ಎರಡು ಲೋಕದ ಕಲ್ಲುಗಳು ಒಂದೇ ರೈಲುಮಾರ್ಗದ ಮೇಲೆ ಸಿಗುವ ಊರು ಭಾರತದಲ್ಲಿ ಇನ್ನೊಂದು ಇರಲಾರದು.

ಬಂದರಿಗೆ ಬಂದ ಕರಿಕಂಬ

ಮುಂಬಯಿಗೂ ಮೆಸೊಪೊಟೇಮಿಯಕ್ಕೂ ಇರುವ ನಂಟು ಆ ಸಂಗ್ರಹಾಲಯಕ್ಕಿಂತ ಹಳೆಯದು. 1846ರ ಡಿಸೆಂಬರಿನಲ್ಲಿ ಆಸ್ಟೆನ್ ಹೆನ್ರಿ ಲೇಯಾರ್ಡ್ ನಿಮ್ರುದ್‌ನ ದಿಬ್ಬದಲ್ಲಿ ಅಗೆಯುತ್ತಿದ್ದಾಗ ಆಳೆತ್ತರದ ಕಪ್ಪು ಕಲ್ಲಿನ ಕಂಬವೊಂದು ಸಿಕ್ಕಿತು. ನಾಲ್ಕು ಮುಖ, ಒಂದೊಂದು ಮುಖದಲ್ಲಿ ಮೇಲಿಂದ ಕೆಳಗೆ ಐದೈದು ಚಿತ್ರ, ಚಿತ್ರಗಳ ಸುತ್ತಮುತ್ತ ಮೊಳೆಯಾಕಾರದ ಅಕ್ಷರಗಳು. ಲಂಡನ್ನಿಗೆ ಹೋಗಬೇಕಿದ್ದ ಅದು ಬಸ್ರಾದಿಂದ ಮೊದಲು ಬಂದದ್ದು ಬೊಂಬಾಯಿಗೆ. ಇಲ್ಲಿ ಪೆಟ್ಟಿಗೆಗಳನ್ನು ಒಡೆದು ಒಳಗಿದ್ದುದನ್ನು ಜನರಿಗೆ ತೋರಿಸಿದರು. 1848ರಲ್ಲಿ ‘ಜಮ್ನಾ’ ಎಂಬ ಹಡಗು ಕಂಬವನ್ನು ಹೊತ್ತು ಹೊರಟಿತು. ಸಿಂಹಳದ ಬಳಿ ಬಿರುಗಾಳಿಗೆ ಸಿಕ್ಕಿ ಟ್ರಿಂಕೊಮಲಿಯಲ್ಲಿ ತಂಗಿ, ಕೊನೆಗೂ ಇಂಗ್ಲೆಂಡ್ ಮುಟ್ಟಿತು. ಇಂದು ಅದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಗಮನಿಸಬೇಕಾದ್ದು ಆ ವರ್ಷವನ್ನು. 1848ರಲ್ಲಿ ಆ ಅಕ್ಷರಗಳನ್ನು ಓದಬಲ್ಲವರು ಲೋಕದಲ್ಲೇ ಇರಲಿಲ್ಲ. ಬೊಂಬಾಯಿಯಲ್ಲಿ ಅದನ್ನು ಕಂಡವರಿಗೆ ಸಿಕ್ಕಿದ್ದು ಬರೀ ಚಿತ್ರ. ಬರೀ ಚಿತ್ರದಿಂದ ಎಷ್ಟು ತಿಳಿಯಬಹುದು? ಒಬ್ಬ ಗಡ್ಡದವನು ನೆಟ್ಟಗೆ ನಿಂತಿದ್ದಾನೆ, ಅವನ ಕಾಲ ಬಳಿ ಇನ್ನೊಬ್ಬ ಹಣೆ ನೆಲಕ್ಕೆ ಹಚ್ಚಿದ್ದಾನೆ. ಹಿಂದಿನಿಂದ ಜನ ಸಾಮಾನು ಹೊತ್ತು ಸಾಲಾಗಿ ಬರುತ್ತಿದ್ದಾರೆ. ಗೆದ್ದವನು ಯಾರು, ಸೋತವನು ಯಾರು, ಬರುತ್ತಿರುವುದು ಕಪ್ಪಕಾಣಿಕೆ ಎನ್ನುವುದಕ್ಕೆ ಯಾವ ಲಿಪಿಯೂ ಬೇಕಿಲ್ಲ. ಇಷ್ಟು ಸರಿ.

ಎಡವಟ್ಟಾದದ್ದು ಮುಂದಿನ ಹೆಜ್ಜೆಯಲ್ಲಿ. ಮೂರನೆಯ ಸಾಲಿನಲ್ಲಿ ಆನೆಯಿದೆ, ಘೇಂಡಾಮೃಗವಿದೆ, ಕೋತಿಗಳಿವೆ, ಎರಡು ಡುಬ್ಬದ ಒಂಟೆಗಳಿವೆ. ಅವನ್ನು ಕಂಡ ಲೇಯಾರ್ಡ್, ಇದು ಭಾರತವನ್ನೋ ಅಸ್ಸೀರಿಯದ ಪೂರ್ವಕ್ಕಿದ್ದ ಬೇರೊಂದು ದೂರದ ನಾಡನ್ನೋ ಗೆದ್ದ ನೆನಪಿನ ಕಂಬವಿರಬೇಕು ಎಂದು ಊಹಿಸಿ ತನ್ನ ಪುಸ್ತಕದಲ್ಲಿ ಬರೆದ. ಊಹೆಯಲ್ಲಿ ತರ್ಕವಿತ್ತು, ಆನೆ ಎಂದರೆ ಯಾರಿಗಾದರೂ ಮೊದಲು ಹೊಳೆಯುವುದು ಭಾರತವೇ.

ಆಮೇಲೆ ಅಕ್ಷರ ಬಾಯಿಬಿಟ್ಟವು. 1851ರಲ್ಲಿ ಐರ್ಲೆಂಡಿನ ಪಾದ್ರಿ ಎಡ್ವರ್ಡ್ ಹಿಂಕ್ಸ್ ಎರಡನೆಯ ಸಾಲಿನ ಮೇಲಿನ ಬರಹದಲ್ಲಿ ಬೈಬಲಿನಲ್ಲಿ ಬರುವ ಇಸ್ರೇಲಿನ ದೊರೆ ಯೇಹುವಿನ ಹೆಸರನ್ನು ಗುರುತಿಸಿದ. ನೆಟ್ಟಗೆ ನಿಂತವನು ಅಸ್ಸೀರಿಯದ ಮೂರನೆಯ ಶಲ್ಮನೇಸರ್. ಆನೆಯ ಸಾಲಿನ ಮೇಲಿದ್ದುದು ‘ಮುಸ್ರಿ’ ಎಂಬ ನಾಡಿನ ಹೆಸರು. ಅದು ಈಜಿಪ್ಟ್ ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಪೂರ್ವ ದಿಕ್ಕಿನ ಗೆಲುವೆಂದು ತಿಳಿದದ್ದು ಪಶ್ಚಿಮ ದಿಕ್ಕಿನ ಕಾಣಿಕೆಯಾಯಿತು. ಹಿಂಕ್ಸ್ ಮತ್ತು ಜೊತೆಯವರ ಓದು ನಿಜವೇ ಎಂಬ ಅನುಮಾನ ಆಗ ಅನೇಕರಿಗಿತ್ತು. ಅದಕ್ಕೆಂದೇ 1857ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿ ಹೊಸದೊಂದು ಶಾಸನವನ್ನು ನಾಲ್ವರು ವಿದ್ವಾಂಸರಿಗೆ ಕೊಟ್ಟು, ಅವರವರೇ ಅನುವಾದಿಸಿ ಮೊಹರು ಮಾಡಿ ಕಳಿಸಿದ್ದನ್ನು ಹೋಲಿಸಿ ನೋಡಿತು. ಮುಖ್ಯ ಅಂಶಗಳಲ್ಲಿ ನಾಲ್ಕೂ ತಾಳೆಯಾದವು.

ಎಕ್ಸರ್‌ನ ಹಡಗುಗಳು

ಈಗ ಬೊರಿವಲಿಗೆ. ಮೆಟ್ರೊ ಬಂದ ಮೇಲೆ ‘ಎಕ್ಸರ್’ ಎಂಬ ನಿಲ್ದಾಣವೇ ಆಗಿದೆ. ಒಂದು ಕಾಲದಲ್ಲಿ ಬೇರೆ ಹಳ್ಳಿಯಾಗಿದ್ದ ಈ ಜಾಗದ ಆರು ವೀರಗಲ್ಲುಗಳನ್ನು 1882ರ ಠಾಣೆ ಜಿಲ್ಲೆಯ ಗ್ಯಾಜೆಟಿಯರ್ ಒಂದೊಂದಾಗಿ ವರ್ಣಿಸಿದೆ. ದೊಡ್ಡವು ಆಳಿಗಿಂತಲೂ ಎತ್ತರ. ಕೆಲವುಗಳಲ್ಲಿ ನೆಲದ ಕಾಳಗ, ಕೆಲವುಗಳಲ್ಲಿ ಕಡಲ ಕಾಳಗ.

ಕಡಲ ಕಾಳಗದ ಒಂದು ಕಲ್ಲನ್ನು ಹತ್ತಿರದಿಂದ ನೋಡೋಣ. ಅದನ್ನು ಕೆಳಗಿನಿಂದ ನೋಡಬೇಕು. ಬುಡದ ಪಟ್ಟಿಯಲ್ಲಿ ಐದು ಹಡಗು, ಚೂಪಾದ ಮೂತಿ, ನಡುವೆ ಪಟಗಂಬ, ಮಗ್ಗುಲಲ್ಲಿ ಸಾಲು ಹುಟ್ಟುಗಳು, ಮೇಲೆ ಬಿಲ್ಲಾಳುಗಳು. ಅದರ ಮೇಲಿನ ಪಟ್ಟಿಯಲ್ಲಿ ನಾಲ್ಕು ಹಡಗು ಸೇರಿ ಒಂದನ್ನು ಮುತ್ತಿವೆ, ಜನ ಸಾಯುತ್ತಿದ್ದಾರೆ. ಇನ್ನೂ ಮೇಲೆ ಹೋದರೆ ಲಿಂಗಪೂಜೆ. ಅದರಾಚೆ ಶಿವಲೋಕ. ತುತ್ತತುದಿಯಲ್ಲಿ ಕಲಶ, ಅದರ ಅಕ್ಕಪಕ್ಕ ಹಾರುವ ಗಂಧರ್ವರು. ಸಾವಿನಿಂದ ಸ್ವರ್ಗಕ್ಕೆ ಕಥೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಂಥ ಜೋಡಣೆಯನ್ನು ‘ಏರುಗಥೆ’ ಎನ್ನೋಣ.

ಈ ಕಲ್ಲುಗಳಲ್ಲಿ ಹೆಸರು ಹೇಳುವ ಬರಹ ಉಳಿದಿಲ್ಲ. 1848ರ ಬೊಂಬಾಯಿ ಜನ ಕರಿಕಂಬದ ಮುಂದೆ ನಿಂತಿದ್ದ ಸ್ಥಿತಿಯಲ್ಲೇ ನೋಡುವವರು ಇಲ್ಲಿ ಇಂದಿಗೂ ಇದ್ದಾರೆ. ಹಡಗಿನ ಯುದ್ಧ ನಡೆಯಿತು, ಯಾರೋ ಮಡಿದರು, ಮಡಿದವರು ಶಿವಭಕ್ತರು. ಇದಿಷ್ಟು ಚಿತ್ರವೇ ಹೇಳುತ್ತದೆ. ಯಾರು, ಯಾವಾಗ?

ವಿದ್ವಾಂಸ ವಾ. ವಿ. ಮಿರಾಶಿ ಅವರ ಉತ್ತರವನ್ನು ಇಂದು ಹೆಚ್ಚಿನವರು ಒಪ್ಪುತ್ತಾರೆ. ಕನ್ನಡ ನಾಡಿನಲ್ಲಿ ಕನ್ನಡದಲ್ಲೇ ನೂರಾರು ಶಾಸನ ಬರೆಸಿದ ದೇವಗಿರಿಯ ಸೇವುಣರ ದೊರೆ ಮಹಾದೇವ, ಉತ್ತರ ಕೊಂಕಣದ ಕೊನೆಯ ಶಿಲಾಹಾರ ದೊರೆ ಸೋಮೇಶ್ವರನನ್ನು 1260ರ ದಶಕದಲ್ಲಿ ಸೋಲಿಸಿದ. ಮಹಾದೇವನ ಮಂತ್ರಿ ಹೇಮಾದ್ರಿ, ಸೋಮೇಶ್ವರ ಕಡಲಲ್ಲಿ ಮುಳುಗಿ ಹೋದನೆಂದು ತನ್ನ ಸಂಸ್ಕೃತ ಪ್ರಶಸ್ತಿಯಲ್ಲಿ ಹೇಳಿದ್ದಾನೆ. ಕೊಂಕಣದ ಕರಾವಳಿ, ಶಿಲಾಹಾರರ ಕೊನೆಗಾಲ, ಕಡಲ ಯುದ್ಧ, ಅಲ್ಲೇ ಸಾವು. ಕಲ್ಲಿಗೂ ಗ್ರಂಥಕ್ಕೂ ಹೀಗೆ ಗಂಟು ಬಿತ್ತು. ಗಂಟು ಚೆನ್ನಾಗಿದೆ. ಆದರೆ ಕರಿಕಂಬದಲ್ಲಿ ಹೆಸರೂ ಚಿತ್ರವೂ ಒಂದೇ ಕಲ್ಲಿನ ಮೇಲಿವೆ, ಇಲ್ಲಿ ಹೆಸರಿರುವುದು ತಾಳೆಗರಿಯಲ್ಲಿ, ಚಿತ್ರವಿರುವುದು ಬೊರಿವಲಿಯಲ್ಲಿ. ಬಲದಲ್ಲಿ ಎರಡೂ ಒಂದೇ ಅಲ್ಲ.

ಜೋಡಿ ಸಿಕ್ಕಾಗ

ಸಾಂತಾಕ್ರೂಜ್ ಪ್ಲಾಟ್‌ಫಾರ್ಮಿನ ಕಂಬಗಳ ಮೇಲೆ ಕೆಂಪು-ಹಳದಿ ಓರೆಪಟ್ಟೆಗಳಿವೆ. ಹೊಸಬರಿಗೆ ಅದು ಬಣ್ಣದ ಅಲಂಕಾರ. ದಿನಾ ಓಡಾಡುವವರು ಮಾತ್ರ ಅಲ್ಲಿ ಫಸ್ಟ್ ಕ್ಲಾಸ್ ಡಬ್ಬಿ ನಿಲ್ಲುತ್ತದೆಂದು ಬಲ್ಲರು. ಪಟ್ಟೆಯ ಆಕಾರದಲ್ಲಿ ‘ಫಸ್ಟ್ ಕ್ಲಾಸ್’ ಎನ್ನುವಂಥದ್ದು ಏನೂ ಇಲ್ಲ. ಪಟ್ಟೆ, ಡಬ್ಬಿ, ಡಬ್ಬಿಯ ಮೇಲಿನ ಬರಹ ಮೂರನ್ನೂ ಸಾವಿರ ಸಲ ಒಟ್ಟಿಗೆ ಕಂಡದ್ದರಿಂದ ಅರ್ಥ ಹುಟ್ಟಿತು. ಒಮ್ಮೆ ಹುಟ್ಟಿದ ಮೇಲೆ, ಡಬ್ಬಿ ಬರುವ ಮುಂಚೆಯೇ ಪಟ್ಟೆ ನೋಡಿ ಜನ ಸರಿಯಾದ ಜಾಗದಲ್ಲಿ ನಿಲ್ಲುತ್ತಾರೆ.

ಹಳೆಯ ಕಲ್ಲುಗಳನ್ನು ಓದುವ ಕೀಲೂ ಇದೇ. ಸಂಕೇತವನ್ನು ಎಷ್ಟು ದಿಟ್ಟಿಸಿದರೂ ಅದರೊಳಗಿಂದ ಅರ್ಥ ಹೊರಬರುವುದಿಲ್ಲ. ಅದೇ ಸಂಕೇತ, ಅದೇ ಜಾಗದಲ್ಲಿ, ಹೆಸರು ಹೇಳುವ ಬರಹದ ಜೊತೆ ಇನ್ನೆಲ್ಲಾದರೂ ಸಿಗಬೇಕು. ಅದನ್ನು ‘ಜೋಡಿಸಾಕ್ಷ್ಯ’ ಎಂದು ಕರೆಯೋಣ. ಅದು ಸಿಕ್ಕ ಮೇಲೆ ಬರಹವಿಲ್ಲದ ಕಲ್ಲೂ ಮಾತಾಡುತ್ತದೆ.

ವೀರಗಲ್ಲಿನ ಸೂರ್ಯಚಂದ್ರರ ಒಗಟು ಬಿಡಿಸಿದ್ದು ಹೀಗೆಯೇ. ದಾನಶಾಸನಗಳ ನೆತ್ತಿಯಲ್ಲೂ ಅದೇ ದುಂಡು, ಅದೇ ಕೊಕ್ಕೆ. ಕೆಳಗಿನ ಬರಹದಲ್ಲಿ ದಾನವು ಆಚಂದ್ರಾರ್ಕವಾಗಿ, ಅಂದರೆ ಚಂದ್ರ ಸೂರ್ಯರು ಇರುವವರೆಗೂ, ನಡೆಯಲಿ ಎಂಬ ಮಾತು. ಕೊಂಕಣದ ಶಿಲಾಹಾರರ ಶಾಪಗಲ್ಲುಗಳಲ್ಲೂ ಅದೇ ಜೋಡಿ. ಅಂದಮೇಲೆ ಅದು ಹಗಲು-ಇರುಳಿನ ಲೆಕ್ಕವಲ್ಲ, ಕಾಲದ ಅಳತೆ. ಎಕ್ಸರ್‌ನ ಮೇಲಿನ ಪಟ್ಟಿ ಸ್ವರ್ಗವೆಂದು ಧೈರ್ಯವಾಗಿ ಹೇಳಲು ಬರುವುದೂ, ಹೋರಾಡಿ ಮಡಿದವನು ಸುರಲೋಕ ಸೇರಿದನೆಂದು ಬರೆದಿರುವ ಕನ್ನಡ ವೀರಗಲ್ಲುಗಳು ರಾಶಿ ರಾಶಿಯಾಗಿ ಇರುವುದರಿಂದ. ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ, ಷ. ಶೆಟ್ಟರ್ ಅವರು ಗುಂಥರ್ ಸೊಂಥೈಮರ್ ಜೊತೆ ಸ್ಮಾರಕಶಿಲೆಗಳ ಮೇಲೆ 1982ರಲ್ಲಿ ಹೊರತಂದ ಸಂಪುಟದಲ್ಲಿ ಮಾಡಿದ ಕೆಲಸದ ಬೆಲೆ ಬೊರಿವಲಿಯಲ್ಲಿ ನಿಂತಾಗ ತಿಳಿಯುತ್ತದೆ.

ಬರಹ ಚಿತ್ರವನ್ನು ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಆತಕೂರಿನ ಕಲ್ಲು ಸಾಕು. ಕ್ರಿ.ಶ. 950ರ ಸುಮಾರಿನದು, ಈಗ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ಚಿತ್ರದಲ್ಲಿರುವುದು ಒಂದು ನಾಯಿ, ಒಂದು ಹಂದಿ, ಅವೆರಡರ ಕಾದಾಟ. ಅಕ್ಷರ ಬಾರದವನು ಬೇಟೆಯ ಕಲ್ಲೆಂದು ದಾಟಿಹೋಗುತ್ತಾನೆ. ಬರಹ ಮಾತ್ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಪರ ಕಾದಿದ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದದ್ದನ್ನು, ವೀರ ಮಣಲೆರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ‘ಕಾಳಿ’ ಎಂಬ ನಾಯಿಯನ್ನೇ ಕೇಳಿ ಪಡೆದದ್ದನ್ನು, ಆ ನಾಯಿ ಹಂದಿಯೊಡನೆ ಕಾದಿ ಸತ್ತದ್ದನ್ನು ಹೇಳುತ್ತದೆ. ರಾಷ್ಟ್ರಕೂಟ-ಚೋಳರ ಮಹಾಯುದ್ಧದ ಸುದ್ದಿ ಒಂದು ನಾಯಿಯ ಸಮಾಧಿಗಲ್ಲಿನಲ್ಲಿದೆ. ನಾಯಿಯ ಹೆಸರನ್ನೂ ಕೆತ್ತಿಸಿದ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟದೆ ಇರದು.

ಬೆಟ್ಟ ಹತ್ತುವ ರಾಜ

ಈ ಕೀಲನ್ನು ಹಿಡಿದು ನರಾಮ್-ಸಿನ್‌ನ ಕಲ್ಲಿನ ಮುಂದೆ ನಿಲ್ಲಬಹುದು. ಗುಲಾಬಿ ಛಾಯೆಯ ಸುಣ್ಣಕಲ್ಲು, ಎತ್ತರ ಸುಮಾರು 2 ಮೀಟರ್. ಇದಕ್ಕಿಂತ ಇನ್ನೂರು ವರ್ಷ ಹಳೆಯದಾದ ಲಗಾಶ್‌ನ ಎಯನ್ನಾತುಮ್‌ನ ವಿಜಯಶಿಲೆಯಲ್ಲಿ ಎಕ್ಸರ್‌ನಲ್ಲಿರುವಂತೆ ಅಡ್ಡಪಟ್ಟಿಗಳಿವೆ. ಅಕ್ಕಾದದ ಶಿಲ್ಪಿ ಆ ಪಟ್ಟಿಗಳನ್ನು ಕಿತ್ತುಹಾಕಿ ಇಡೀ ಕಲ್ಲನ್ನೇ ಒಂದು ಬೆಟ್ಟವಾಗಿಸಿದ. ಎಡಗಡೆಯಿಂದ ರಾಜನ ಸೈನಿಕರು ಓರೆಯಾಗಿ ಬೆಟ್ಟ ಏರುತ್ತಾರೆ. ಕೈಯಲ್ಲಿ ಧ್ವಜದಂಡ, ಮುಖ ಮೇಲಕ್ಕೆ. ಬಲಗಡೆ ಶತ್ರುಗಳು. ಒಬ್ಬನ ಕುತ್ತಿಗೆಯಲ್ಲಿ ಈಟಿ ನಾಟಿದೆ, ಅದನ್ನು ಕೀಳಲು ಕೈಹಾಕಿದ್ದಾನೆ. ಇನ್ನೊಬ್ಬ ತಲೆಕೆಳಗಾಗಿ ಪ್ರಪಾತಕ್ಕೆ ಬೀಳುತ್ತಿದ್ದಾನೆ. ಮತ್ತೊಬ್ಬ ಕೈಯೆತ್ತಿ ಬೇಡುತ್ತಿದ್ದಾನೆ. ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದೊಡ್ಡವನಾಗಿ ರಾಜ. ಕೈಯಲ್ಲಿ ಬಿಲ್ಲು, ಕಾಲಡಿ ಹೆಣಗಳು. ಮುಖ್ಯನಾದವನನ್ನು ದೊಡ್ಡದಾಗಿ ಕೆತ್ತುವ ಈ ‘ಗಾತ್ರಮರ್ಯಾದೆ’ ನಮ್ಮ ವೀರಗಲ್ಲುಗಳಿಗೂ ಹೊಸದಲ್ಲ, ಅದನ್ನು ತಿಳಿಯಲು ಯಾವ ವಿದ್ವಾಂಸರೂ ಬೇಡ. ಶತ್ರುಗಳು ಝಾಗ್ರೋಸ್ ಬೆಟ್ಟದ ಲುಲ್ಲುಬಿಗಳು ಎನ್ನುವುದನ್ನು ಮಾತ್ರ ಕಲ್ಲಿನ ಮೇಲೆ ಅಳಿದುಳಿದ ಅಕ್ಷರಗಳು ಹೇಳಬೇಕಾಯಿತು.

ರಾಜನ ಶಿರಸ್ತ್ರಾಣದಲ್ಲಿ ಎರಡು ಕೊಂಬುಗಳಿವೆ. ಸುಮ್ಮನೆ ನೋಡಿದವನು ಗೂಳಿಯ ಬಲದ ಗುರುತೆಂದು ಹೇಳಿಯಾನು. ಜೋಡಿಸಾಕ್ಷ್ಯ ಹೇಳುವುದು ಬೇರೆಯೇ. ಅದೇ ಅಕ್ಕಾದ ಕಾಲದ ಒಂದು ಪುಟ್ಟ ಮುದ್ರೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದ್ದ ಎಂಬ ಲಿಪಿಕಾರನದು. ಹೆಗಲಿಂದ ಕಿರಣ ಹೊಮ್ಮುತ್ತ ಬೆಟ್ಟದ ಸಂದಿನಿಂದ ಏಳುವ ಸೂರ್ಯದೇವ, ರೆಕ್ಕೆಯ ದೇವತೆ ಇಷ್ತಾರ್, ಹೆಗಲಿಂದ ನೀರು ಹರಿಯುವ ಎಯಾ, ಎಲ್ಲರ ತಲೆಯ ಮೇಲೂ ಕೊಂಬಿನ ಕಿರೀಟ. ಕೊಂಬು ದೇವರಿಗೆ ಮೀಸಲು. ಮನುಷ್ಯನಾದ ದೊರೆ ಅದನ್ನು ತೊಟ್ಟಿದ್ದಾನೆ.

ಶಿಲ್ಪಿ ಅತಿಯಾಡಿದನೇ? ಇಲ್ಲ. 1970ರ ದಶಕದಲ್ಲಿ ಉತ್ತರ ಇರಾಕಿನ ಬಸೆತ್ಕಿ ಎಂಬಲ್ಲಿ ರಸ್ತೆ ಕೆಲಸದ ವೇಳೆ ಸಿಕ್ಕ ತಾಮ್ರದ ವಿಗ್ರಹದ ಮೇಲೆ ನರಾಮ್-ಸಿನ್‌ನ ಶಾಸನವಿದೆ. ನಾಲ್ಕು ದಿಕ್ಕೂ ತಿರುಗಿಬಿದ್ದಾಗ ಒಂದೇ ವರ್ಷದಲ್ಲಿ ಒಂಬತ್ತು ಯುದ್ಧ ಗೆದ್ದ ಅವನನ್ನು ತಮ್ಮ ನಗರದ ದೇವರಾಗಿ ಕೊಡಬೇಕೆಂದು ಅಕ್ಕಾದದ ಜನ ದೊಡ್ಡ ದೇವತೆಗಳನ್ನು ಬೇಡಿ, ಅವನಿಗೆ ಗುಡಿ ಕಟ್ಟಿದರೆಂದು ಅದು ಹೇಳುತ್ತದೆ. ಅವನ ಹೆಸರಿನ ಮುಂದೆ ದೇವರ ಹೆಸರಿಗೆ ಮಾತ್ರ ಹಚ್ಚುವ ನಕ್ಷತ್ರಾಕಾರದ ಅಕ್ಷರವೂ ಸೇರಿತು. ಲಿಪಿಕಾರ ಅಕ್ಷರದಲ್ಲಿ ಮಾಡಿದ್ದನ್ನೇ ಶಿಲ್ಪಿ ಕೊಂಬಿನಲ್ಲಿ ಮಾಡಿದ. ಈ ವಿಗ್ರಹ 2003ರಲ್ಲಿ ಬಾಗ್ದಾದಿನ ಸಂಗ್ರಹಾಲಯದಿಂದ ಲೂಟಿಯಾಗಿ, ಅದೇ ವರ್ಷ ಮಲದ ಗುಂಡಿಯೊಂದರಿಂದ ಮರಳಿ ಸಿಕ್ಕಿತು. ಸಿಗದೆ ಹೋಗಿದ್ದರೆ ಲೂವ್ರ್‌ನ ಆ ಎರಡು ಕೊಂಬುಗಳಿಗೆ ಸಾಕ್ಷಿ ಹೇಳುವ ಈ ಶಾಸನ ಫೋಟೋಗಳಲ್ಲಷ್ಟೇ ಉಳಿಯುತ್ತಿತ್ತು.

ಸತ್ತು ಏರಿದವರು, ಬದುಕಿದ್ದೇ ಏರಿದವನು

ಎರಡೂ ಕಡೆ ಏರುಗಥೆಯೇ. ಏರುವವನು ಮಾತ್ರ ಬೇರೆ. ಎಕ್ಸರ್‌ನಲ್ಲಿ ಮೇಲೆ ಹೋಗುವವನು ಮಡಿದವನು. ಬಹುಶಃ ಸೋತ ಪಕ್ಷದವನು. ಅವನನ್ನು ಕೊಂದವರು ಕೆಳಗಿನ ಪಟ್ಟಿಯಲ್ಲೇ ಉಳಿಯುತ್ತಾರೆ, ಅವರಿಗೆ ಮೇಲಿನ ಅಂತಸ್ತಿಲ್ಲ. ಅಕ್ಕಾದದ ಕಲ್ಲಿನಲ್ಲಿ ಸತ್ತವರೆಲ್ಲ ಕೆಳಕ್ಕೆ, ಪ್ರಪಾತಕ್ಕೆ, ಕಾಲಡಿಗೆ. ಬದುಕಿರುವ ದೊರೆಯೊಬ್ಬನೇ ತನ್ನ ಕಾಲಿನ ಮೇಲೆ ನಡೆದು ಮೇಲೆ ಹೋಗುತ್ತಾನೆ. ಕೊಂಕಣದ ಯೋಧನಿಗೆ ಪ್ರಾಣ ಕೊಟ್ಟ ಮೇಲೆ ದಕ್ಕುವ ಎತ್ತರವನ್ನು ನರಾಮ್-ಸಿನ್ ಪ್ರಾಣ ತೆಗೆದು ಪಡೆದಿದ್ದಾನೆ. ಎರಡು ಕಲ್ಲುಗಳ ನಡುವಿನ ನಿಜವಾದ ದೂರ ಇದೇ. ವರ್ಷಗಳ, ಮೈಲಿಗಳ ದೂರ ಇದರ ಮುಂದೆ ಸಣ್ಣದು.

ಅವನ ಕೊಂಬು ಒಂದೇ ಜೊತೆ ಎನ್ನುವುದನ್ನೂ ನೋಡಬೇಕು. ಅದ್ದನ ಮುದ್ರೆಯ ದೊಡ್ಡ ದೇವತೆಗಳ ಕಿರೀಟದಲ್ಲಿ ಕೊಂಬುಗಳು ಅಂತಸ್ತು ಅಂತಸ್ತಾಗಿವೆ. ದೊರೆ ದೇವರಾದದ್ದು ಹೌದು, ಆದರೆ ದೇವರ ಸಾಲಿನಲ್ಲಿ ಕೆಳಗಿನ ಮಣೆ. ಬೆಟ್ಟದ ತುದಿ ಅವನ ತಲೆಗಿಂತ ಮೇಲಿದೆ, ಜ್ಯೋತಿಗಳು ಅದಕ್ಕೂ ಮೇಲೆ.

ಬೆಟ್ಟದ ಮೇಲೆ ಇನ್ನೊಬ್ಬನ ಬರಹ

ಹಾಗಾದರೆ ಆ ಜ್ಯೋತಿಗಳು ಯಾರು? ಅವನ್ನು ಆಚಂದ್ರಾರ್ಕವೆಂದು ಓದಿಬಿಡುವುದು ಕನ್ನಡಿಗರಿಗೆ ಸುಲಭ. ಲೇಯಾರ್ಡ್ ಆನೆ ಕಂಡು ಭಾರತವೆಂದದ್ದೂ ಇಂಥ ಸುಲಭದಿಂದಲೇ. ಮೆಸೊಪೊಟೇಮಿಯದ ಜೋಡಿಸಾಕ್ಷ್ಯ ಬೇರೆ ದಾರಿ ತೋರಿಸುತ್ತದೆ. ಬಾಬಿಲೋನಿನ ಕಸ್ಸೈಟ್ ದೊರೆ ನಾಜಿ-ಮರುತ್ತಾಶ್‌ನ ಕಾಲದ ಭೂದಾನದ ಕಲ್ಲೊಂದರಲ್ಲಿ ಮೈತುಂಬ ಚಿಹ್ನೆಗಳಿವೆ, ಅದೇ ಕಲ್ಲಿನ ಬರಹ ಅವು ಯಾವ ದೇವರವೆಂದು ಪಟ್ಟಿ ಕೊಡುತ್ತದೆ: ಕೊಂಬಿನ ಕಿರೀಟ ಅನುವಿನದು, ಆಡು-ಮೀನು ಎಯಾನದು, ಅರ್ಧಚಂದ್ರ ಸಿನ್‌ನದು, ಕಿರಣದ ಬಿಂಬ ಶಮಾಶ್‌ನದು, ನಕ್ಷತ್ರ ಇಷ್ತಾರಳದು. ಅಲ್ಲಿ ಆಕಾಶದ ಚಿಹ್ನೆ ಕಾಲದ ಅಳತೆಯಲ್ಲ. ದೇವರೇ ಬಂದು ಕಾವಲು ನಿಂತ ಗುರುತು. ಕರಿಕಂಬದಲ್ಲಿ ಶಲ್ಮನೇಸರನ ಎದುರು ತೇಲುವ ರೆಕ್ಕೆಬಿಂಬ ಮತ್ತು ನಕ್ಷತ್ರಕ್ಕೂ ಇದೇ ಅರ್ಥ.

ಆದರೆ ನಾಜಿ-ಮರುತ್ತಾಶ್‌ನ ಕಲ್ಲು ನರಾಮ್-ಸಿನ್‌ಗಿಂತ ಸುಮಾರು ಒಂಬತ್ತು ನೂರು ವರ್ಷ ಕಿರಿದು. ಅಷ್ಟು ಹಿಂದಕ್ಕೆ ಅದನ್ನು ಕಣ್ಣುಮುಚ್ಚಿ ಒಯ್ಯಲಾಗದು. ಅಕ್ಕಾದದ ಕಲ್ಲಿನ ತಲೆ ಬೇರೆ ಒಡೆದಿದೆ. ಮೊದಲು ಎಷ್ಟು ಜ್ಯೋತಿಗಳಿದ್ದವೆಂಬ ಚರ್ಚೆ ಮುಗಿದಿಲ್ಲ. ಅವು ಇಷ್ತಾರಳ ನಕ್ಷತ್ರವೆನ್ನುವವರಿದ್ದಾರೆ, ಸೂರ್ಯದೇವ ಶಮಾಶ್ ಎನ್ನುವವರಿದ್ದಾರೆ.

ಶಮಾಶ್‌ನ ಪಕ್ಷಕ್ಕೆ ಬಲ ಬಂದದ್ದು ಒಬ್ಬ ಶತ್ರುವಿನಿಂದ. ಬೆಟ್ಟದ ಮೈಮೇಲೆ ಇಂದು ಎದ್ದು ಕಾಣುವ ಬರಹದ ಸಾಲುಗಳು ನರಾಮ್-ಸಿನ್‌ನವಲ್ಲ. ಕ್ರಿ.ಪೂ. 12ನೆಯ ಶತಮಾನದಲ್ಲಿ ನೆರೆಯ ಎಲಾಮ್ ನಾಡಿನ ದೊರೆ ಶುತ್ರುಕ್-ನಹ್ಹುಂತೆ ಬಾಬಿಲೋನಿಯಕ್ಕೆ ನುಗ್ಗಿ, ಈ ಕಲ್ಲನ್ನು ಹೊತ್ತು ಸೂಸಾ ನಗರಕ್ಕೆ ತಂದು ತನ್ನ ದೇವರು ಇನ್‌ಶುಷಿನಾಕ್‌ಗೆ ಅರ್ಪಿಸಿ, ಆ ಸಂಗತಿಯನ್ನು ಕಲ್ಲಿನ ಮೇಲೆಯೇ ಕೆತ್ತಿಸಿದ. ಸೂಸಾದಲ್ಲಿ ಅಗೆಯುತ್ತಿದ್ದ ಫ್ರಾನ್ಸಿನ ಜಾಕ್ ದ ಮೊರ್ಗಾನ್ 1898ರಲ್ಲಿ ಅದನ್ನು ಕಂಡ. ಎಲಾಮಿನವನು ಚಿತ್ರವನ್ನು ಕೆಡಿಸಲಿಲ್ಲ, ಸೋತವರ ಪೂರ್ವಜನ ಹೆಸರನ್ನು ಅಡಗಿಸಲೂ ಇಲ್ಲ. ಹೆಸರಿದ್ದಷ್ಟೂ ಕೊಳ್ಳೆಯ ಬೆಲೆ ಹೆಚ್ಚು. ಅದು ನರಾಮ್-ಸಿನ್‌ನ ಕಲ್ಲೆಂದೂ, ಸಿಪ್ಪಾರ್ ನಗರವನ್ನು ಹೊಡೆದು ತಂದದ್ದೆಂದೂ ಬರೆಸಿದ. ಸಿಪ್ಪಾರ್ ಶಮಾಶ್‌ನ ಊರು. ಅವನ ದೊಡ್ಡ ಗುಡಿ ಇದ್ದದ್ದು ಅಲ್ಲೇ. ಕಲ್ಲು ಮೊದಲಿನಿಂದಲೂ ಆ ಗುಡಿಯ ಅಂಗಳದಲ್ಲೇ ನಿಂತಿದ್ದಿದ್ದರೆ, ನೆತ್ತಿಯ ಮೇಲೆ ಉರಿಯುತ್ತಿರುವವನು ಸೂರ್ಯನೇ ಆಗಿರುವ ಸಾಧ್ಯತೆ ಹೆಚ್ಚು.